ಸಂಸಾರದ ನಡುವೆ ಅನನ್ಯಭಕ್ತಿ: ಪುತ್ತೂರು, ಸುಳ್ಯ, ಕಡಬ ಪ್ರದೇಶದ ಗೃಹಸ್ಥಧರ್ಮದ ಒಂದು ವಿವೇಚನೆ

ಪ್ರಸ್ತಾವನೆ

ಭಗವದ್ಗೀತೆಯ 13ನೆಯ ಅಧ್ಯಾಯವು ಜ್ಞಾನದ ಲಕ್ಷಣಗಳನ್ನು ಎಣಿಸುವಾಗ ಮಡದಿ, ಮಕ್ಕಳು, ಮನೆ ಮೊದಲಾದವುಗಳಲ್ಲಿ ಅತಿಯಾದ ಅಂಟು ಇಲ್ಲದಿರುವುದನ್ನು ಹೇಳಿ, ಅದರ ಬೆನ್ನಿಗೇ ಭಗವಂತನಲ್ಲಿ ಬೇರೆಡೆಗೆ ಹರಿಯದ ಭಕ್ತಿಯನ್ನು ಹೇಳುತ್ತದೆ. ಒಂದರ ಪಕ್ಕದಲ್ಲಿ ಒಂದು ನಿಂತಿರುವ ಈ ಎರಡು ಲಕ್ಷಣಗಳು ಭಾರತೀಯ ಭಕ್ತಿಚಿಂತನೆಯ ಒಂದು ಹಳೆಯ ಪ್ರಶ್ನೆಯನ್ನು ಮುಂದಿಡುತ್ತವೆ. ಮನೆಮಠಗಳನ್ನು ಬಿಟ್ಟ ಸಂನ್ಯಾಸಿಗೆ ಈ ಪ್ರಶ್ನೆಯ ಅರ್ಧಭಾಗವು ಆಶ್ರಮಸ್ವೀಕಾರದೊಂದಿಗೇ ಪರಿಹಾರವಾಗುತ್ತದೆ. ಮನೆಯಲ್ಲೇ ಉಳಿದ ಗೃಹಸ್ಥನಿಗೆ ಅದು ದಿನವೂ ಹೊಸದಾಗಿ ಎದುರಾಗುತ್ತದೆ. ಮಕ್ಕಳ ಮೇಲಿನ ಮಮತೆ, ಭೂಮಿಯ ಮೇಲಿನ ಆಸೆ, ಮನೆತನದ ಮರ್ಯಾದೆ ಇವೆಲ್ಲವುಗಳ ನಡುವೆ ಭಕ್ತಿಯು ಅನನ್ಯವಾಗಿ ಉಳಿಯುವುದು ಸಾಧ್ಯವೆ?

ಈ ಪ್ರಶ್ನೆಯನ್ನು ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಆಚರಣೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಿಂದೆ ಪುತ್ತೂರು ಮತ್ತು ಸುಳ್ಯಕ್ಕೆ ಸೇರಿದ್ದ ಗ್ರಾಮಗಳಿಂದ ಕಡಬ ತಾಲೂಕು ಇತ್ತೀಚೆಗೆ ರೂಪುಗೊಂಡಿರುವುದರಿಂದ, ಸಾಂಸ್ಕೃತಿಕವಾಗಿ ಈ ಮೂರನ್ನೂ ಒಂದೇ ಸೀಮೆಯಾಗಿ ನೋಡುವುದು ಯುಕ್ತ. ತುಳು, ಕನ್ನಡ, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯು ಮುಖ್ಯವಾಗಿ ಕೃಷಿಕ ಕುಟುಂಬಗಳ ನಾಡು. ಇಲ್ಲಿಯ ಭಕ್ತಿಯು ಬಹುಮಟ್ಟಿಗೆ ಗೃಹಸ್ಥರ ಭಕ್ತಿ.

ಈ ಸೀಮೆಯನ್ನು ಆರಿಸಿಕೊಂಡಾಗ ಎರಡು ಆಕ್ಷೇಪಗಳು ಏಳುತ್ತವೆ. ಒಂದೇ ಮನೆಯವರು ನಾಗನಿಗೆ ತನು ಎರೆದು, ದೈವಕ್ಕೆ ತಂಬಿಲ ಕಟ್ಟಿ, ದೇವಸ್ಥಾನದಲ್ಲಿ ಪೂಜೆ ಮಾಡಿಸುವಾಗ ಅವರ ಭಕ್ತಿಯನ್ನು ಅನನ್ಯವೆಂದು ಕರೆಯುವುದು ಹೇಗೆ ಎಂಬುದು ಮೊದಲನೆಯದು. ಬೇಡಿಕೆ ಈಡೇರಿದರೆ ಇಂತಿಷ್ಟು ಕೊಡುವೆನೆಂಬ ಹರಕೆಯಲ್ಲಿ ಭಕ್ತಿಗಿಂತ ವ್ಯವಹಾರವೇ ಹೆಚ್ಚಲ್ಲವೆ ಎಂಬುದು ಎರಡನೆಯದು. ಇವುಗಳನ್ನು ಬದಿಗಿಟ್ಟು ಮುಂದುವರಿಯುವುದು ಪ್ರಾಮಾಣಿಕವಾಗದು.

ಮಿಗಿಲಾದ ಸ್ನೇಹ

ಮಧ್ವಾಚಾರ್ಯರು (1238–1317) ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಭಕ್ತಿಗೆ ಕೊಟ್ಟ ಲಕ್ಷಣವು ಈ ಚರ್ಚೆಗೆ ಒಳ್ಳೆಯ ಆಧಾರವಾಗಬಲ್ಲದು. ಭಗವಂತನ ಮಹಿಮೆಯ ಅರಿವಿನಿಂದ ಹುಟ್ಟಿದ, ದೃಢವಾದ, ಬೇರೆಲ್ಲಕ್ಕಿಂತ ಮಿಗಿಲಾದ ಸ್ನೇಹವೇ ಭಕ್ತಿ ಎಂಬುದು ಅದರ ಸಾರಾಂಶ. ಮುಂದೆ ಜಯತೀರ್ಥರು ನ್ಯಾಯಸುಧೆಯಲ್ಲಿ ಇದನ್ನು ವಿಸ್ತರಿಸಿ, ತನ್ನ ಮೇಲೆ ಮತ್ತು ತನ್ನವುಗಳ ಮೇಲೆ ಇರುವ ಪ್ರೀತಿಗಿಂತ ಅನೇಕ ಪಾಲು ಹೆಚ್ಚಿನದೂ ಸಾವಿರ ಅಡ್ಡಿಗಳು ಬಂದರೂ ತಡೆಯದೆ ಹರಿಯುವಂಥದೂ ಆದ ಪ್ರೇಮಪ್ರವಾಹವೆಂದು ಅದನ್ನು ವಿವರಿಸಿದರು.

ಇಲ್ಲಿ ‘ಸರ್ವತೋಧಿಕ’ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಒಂದು ವಸ್ತು ಇನ್ನೊಂದಕ್ಕಿಂತ ಅಧಿಕವೆನ್ನಬೇಕಾದರೆ ಆ ಇನ್ನೊಂದು ಇರಲೇಬೇಕು. ಈ ಲಕ್ಷಣವು ಇತರ ಸ್ನೇಹಗಳನ್ನು ನಿಷೇಧಿಸಿಲ್ಲ; ಅವುಗಳಿಗೆ ಒಂದು ಸ್ಥಾನವನ್ನು ಗೊತ್ತುಮಾಡಿದೆ. ತನ್ನ ಮೇಲಿನ ಮತ್ತು ತನ್ನವರ ಮೇಲಿನ ಪ್ರೀತಿ ಇದೆಯೆಂಬುದನ್ನು ಒಪ್ಪಿಕೊಂಡೇ ಆಚಾರ್ಯರು ಅಳತೆಗೋಲನ್ನು ಹಿಡಿದಿದ್ದಾರೆ. ಅಂದಮೇಲೆ ಅನನ್ಯತೆಯನ್ನು ಸ್ನೇಹಗಳ ಸಂಖ್ಯೆಯಿಂದ ನಿರ್ಣಯಿಸಲಾಗದು. ಅವುಗಳ ನಡುವಿನ ಕ್ರಮದಿಂದ ನಿರ್ಣಯಿಸಬೇಕು.

ಈ ಚಿಂತನೆಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. ಆಚಾರ್ಯರ ತಮ್ಮ ವಿಷ್ಣುತೀರ್ಥರು ತಂದೆತಾಯಿಗಳ ಕಾಲಾನಂತರ ಅಣ್ಣನಿಂದಲೇ ಸಂನ್ಯಾಸವನ್ನು ಪಡೆದವರು. ಅವರು ತಪಸ್ಸನ್ನಾಚರಿಸಿದ ಸ್ಥಳವನ್ನು ಪರಂಪರೆಯು ಕುಕ್ಕೆ ಸುಬ್ರಹ್ಮಣ್ಯದ ಕುಮಾರಪರ್ವತದೊಂದಿಗೆ ಗುರುತಿಸುತ್ತದೆ. ಸುಬ್ರಹ್ಮಣ್ಯ ಮಠ ಮತ್ತು ಸೋದೆ ಮಠಗಳೆರಡೂ ತಮ್ಮ ಗುರುಪರಂಪರೆಯನ್ನು ಅವರಿಂದ ಆರಂಭಿಸುತ್ತವೆ. ಸೋದೆಯ ಪರಂಪರೆಯಲ್ಲಿ ಬಂದ ವಾದಿರಾಜರು ಕನ್ನಡದಲ್ಲಿ ಲಕ್ಷ್ಮೀಶೋಭಾನೆಯನ್ನು ರಚಿಸಿದರು. ಅದು ಮದುವೆಮನೆಗಳಲ್ಲಿ ಹೆಂಗಸರು ಹಾಡುವ ಹಾಡಾಗಿ ನೆಲೆನಿಂತಿತು. ಯತಿಯೊಬ್ಬರು ರಚಿಸಿದ ಕೃತಿಯು ಮಂಗಳಕಾರ್ಯದ ಹಾಡಾದುದು, ಮಠದ ಭಕ್ತಿಯು ಮನೆಯೊಳಕ್ಕೆ ಬಂದ ದಾರಿಯೊಂದನ್ನು ತೋರಿಸುತ್ತದೆ.

ಗೇರಿನ ಉಪಮೆ

ಪುರಂದರದಾಸರು (1484–1564) ಸಂಪತ್ತನ್ನು ದಾನಮಾಡಿ ಹೊರಟರೆಂದು ಪ್ರಸಿದ್ಧಿಯಿದೆ. ಆದರೆ ಅದೇ ಪರಂಪರೆಯು, ಅವರು ಹೆಂಡತಿ ಮಕ್ಕಳೊಡನೆಯೇ ಹೊರಟರೆಂದೂ ಹೇಳುತ್ತದೆ. ಬಿಟ್ಟದ್ದು ಸಂಪತ್ತನ್ನು, ಸಂಸಾರವನ್ನಲ್ಲ. ಸಂಸಾರದಲ್ಲಿದ್ದೇ ಜಯಿಸಬೇಕೆಂದು ಸಾರುವ ಅವರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಮೂರು ಉಪಮೆಗಳು ಬರುತ್ತವೆ: ನೀರಿನಲ್ಲಿರುವ ತಾವರೆ, ಗೇರುಹಣ್ಣಿಗೆ ಸೇರಿಕೊಂಡ ಬೀಜ, ಮಾಂಸದ ಆಸೆಗೆ ಗಾಳಕ್ಕೆ ಸಿಕ್ಕಿದ ಮೀನು. ತಾವರೆಯೂ ಮೀನೂ ಸಂಸ್ಕೃತ ಕಾವ್ಯಗಳಿಂದ ಬಂದ ಪರಿಚಿತ ಉಪಮೆಗಳು. ನಡುವಣ ಗೇರು ಮಾತ್ರ ಜನಜೀವನದಿಂದ ಎತ್ತಿಕೊಂಡದ್ದು.

ಈ ಉಪಮೆಯ ಸ್ವಾರಸ್ಯವನ್ನು ಪುತ್ತೂರಿನ ಓದುಗನಿಗೆ ವಿವರಿಸಬೇಕಾಗಿಲ್ಲ. ಗುಡ್ಡೆಗಳಲ್ಲಿ ಗೇರುಮರಗಳು ತುಂಬಿರುವ ಊರು ಇದು. 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೆಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆಯೂ ಇಲ್ಲಿಯೇ ಇದೆ. ಇತರ ಹಣ್ಣುಗಳಲ್ಲಿ ಬೀಜ ತಿರುಳಿನೊಳಗೆ ಹುದುಗಿದ್ದರೆ, ಗೇರಿನಲ್ಲಿ ಅದು ಹಣ್ಣಿನ ತುದಿಗೆ ಅಂಟಿಕೊಂಡು ಹೊರಗೆ ನಿಂತಿರುತ್ತದೆ. ಹಣ್ಣಿನೊಡನೆ ಅದಕ್ಕೆ ಸಂಬಂಧವಿದೆ, ಹಣ್ಣಿನಲ್ಲಿ ಅದು ಮುಳುಗಿಲ್ಲ. ಸಸ್ಯಶಾಸ್ತ್ರದ ದೃಷ್ಟಿಯಿಂದ ಈ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಜವಾದ ಫಲವೆಂದರೆ ಬೀಜವೇ. ನಾವು ಹಣ್ಣೆನ್ನುವುದು ಉಬ್ಬಿದ ತೊಟ್ಟು. ಬೀಜ ಮೊದಲು ಬಲಿಯುತ್ತದೆ, ತೊಟ್ಟು ಆಮೇಲೆ ಉಬ್ಬಿ ಬಣ್ಣ ಪಡೆಯುತ್ತದೆ. ಕಣ್ಣಿಗೆ ಮೊದಲು ಬೀಳುವ ಕೆಂಪು ಹಳದಿಯ ಹಣ್ಣು ಹಿಂದಿನಿಂದ ಬಂದದ್ದು. ದಾಸರಿಗೆ ಈ ವಿವರ ಉದ್ದಿಷ್ಟವಾಗಿತ್ತೆಂದು ವಾದಿಸುವುದು ಇಲ್ಲಿಯ ಉದ್ದೇಶವಲ್ಲ. ಉಪಮೆಯ ಶಕ್ತಿಯನ್ನು ಇದು ಸೂಚಿಸುತ್ತದೆ ಎಂದಷ್ಟೇ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇಂದು ನಾವು ಬೆಳೆಯುವ ಗೋಡಂಬಿಯ ಗೇರು 16ನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು. ಅದಕ್ಕೆ ಮೊದಲೇ ನಮ್ಮ ಕಾಡುಗಳಲ್ಲಿದ್ದ ಭಲ್ಲಾತಕಕ್ಕೂ, ಅಂದರೆ ಕರಿಗೇರಿಗೂ, ಕನ್ನಡದಲ್ಲಿ ಗೇರೆಂದೇ ಹೆಸರು. ಅದರ ಬೀಜವೂ ಹಣ್ಣಿನಂಥ ಭಾಗದ ಹೊರಗೇ ಕೂತಿರುತ್ತದೆ. ಕೀರ್ತನೆಯ ಗೇರು ಯಾವುದೆಂಬುದನ್ನು ನಿಶ್ಚಯಿಸಲು ಹೊರಡುವವರು ಈ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉಪಮೆಯ ತಾತ್ಪರ್ಯವು ಎರಡಕ್ಕೂ ಸಮನಾಗಿ ಹೊಂದುತ್ತದೆ.

ಮನೆಯೊಳಗಿನ ಕ್ರಮ

ಸ್ನೇಹಗಳ ಈ ಕ್ರಮವನ್ನು ಶಾಸ್ತ್ರವನ್ನೋದದ ಮನೆಗಳೂ ಆಚರಣೆಯ ಮೂಲಕ ಪಾಲಿಸಿಕೊಂಡು ಬಂದಿವೆ. ಇದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು.

ಮೊದಲನೆಯದು ಮುಡಿಪು. ಪುತ್ತೂರು, ಸುಳ್ಯ ಭಾಗದ ಗೌಡ ಮತ್ತಿತರ ಕೃಷಿಕ ಕುಟುಂಬಗಳಲ್ಲಿ ತಿರುಪತಿಯ ವೆಂಕಟರಮಣನ ಹೆಸರಿನಲ್ಲಿ ಕಾಣಿಕೆಯನ್ನು ತೆಗೆದಿಡುವ ಪದ್ಧತಿಯಿದೆ. ಕುಟುಂಬದವರು ಸೇರಿ ಹರಿಸೇವೆಯನ್ನು ನಡೆಸುವಾಗ ಆ ಮುಡಿಪಿಗೆ ಪೂಜೆಯಾಗುತ್ತದೆ. ಮುಡಿಪಾಗಿ ಕಟ್ಟಿಟ್ಟ ನಾಣ್ಯವು ಅದೇ ಮನೆಯ ಮಾಡಿನ ಕೆಳಗೆ, ಅದೇ ಪೆಟ್ಟಿಗೆಯ ಹತ್ತಿರ ಇರುತ್ತದೆ. ಮನೆಗೆ ಎಷ್ಟೇ ಕಷ್ಟ ಬಂದರೂ ಅದನ್ನು ಮುಟ್ಟುವಂತಿಲ್ಲ. ಮೊತ್ತವು ಸಣ್ಣದಾಗಿದ್ದರೂ ಅದು ಕಲಿಸುವ ಪಾಠ ದೊಡ್ಡದು: ಕೈಯಲ್ಲಿರುವುದೆಲ್ಲವೂ ತನ್ನದಲ್ಲ. ಮನೆಯ ಮಕ್ಕಳು ಒಡೆತನದ ಮಿತಿಯನ್ನು ಮೊದಲು ಅರಿಯುವುದು ಬಹುಶಃ ಈ ಗಂಟಿನಿಂದಲೇ. ಜೈನ ಶ್ರಾವಕರ ಐದು ಅಣುವ್ರತಗಳಲ್ಲಿ ಒಂದಾದ ಪರಿಗ್ರಹಪರಿಮಾಣವೂ ಗೃಹಸ್ಥನಿಗೆ ವಿಧಿಸುವುದು ಇಂಥದೇ ಮಿತಿಯನ್ನು. ಅಲ್ಲಿ ಅದು ಪ್ರತಿಜ್ಞೆಯ ರೂಪದಲ್ಲಿದೆ, ಇಲ್ಲಿ ಗಂಟಿನ ರೂಪದಲ್ಲಿದೆ.

ಎರಡನೆಯದು ಅಗೆಲು. ಗುರುಕಾರ್ನವರಿಗೆ, ಅಂದರೆ ಮನೆತನದ ಹಿರಿಯರಿಗೆ, ಮತ್ತು ದೈವಗಳಿಗೆ ಬಾಳೆಲೆಯಲ್ಲಿ ಊಟವನ್ನು ಬಡಿಸಿ, ಆಮೇಲೆ ಅದನ್ನು ಕುಟುಂಬದವರು ಪ್ರಸಾದವಾಗಿ ಉಣ್ಣುತ್ತಾರೆ. ತನ್ನ ಗದ್ದೆಯ ಅಕ್ಕಿಯನ್ನೇ ಬೇರೊಬ್ಬರ ಕೈಯಿಂದ ಪಡೆದಂತೆ ಪಡೆಯುವ ಕ್ರಮವಿದು. ಉಣ್ಣುವ ಸುಖವನ್ನು ಅದು ನಿರಾಕರಿಸುವುದಿಲ್ಲ; ಉಣ್ಣುವವನ ಸ್ಥಾನವನ್ನು ಒಡೆಯನಿಂದ ಪಡೆಯುವವನಿಗೆ ಬದಲಾಯಿಸುತ್ತದೆ.

ಮೂರನೆಯದು ಕಾಲದ ಕ್ರಮ. ತುಳುವರ ಸೌರಮಾನದ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದಿಗೆ ಜಾತ್ರೆ, ನೇಮಗಳು ಮುಗಿಯುತ್ತವೆ, ಯಕ್ಷಗಾನ ಮೇಳಗಳು ತಿರುಗಾಟವನ್ನು ನಿಲ್ಲಿಸುತ್ತವೆ. ಮಳೆಗಾಲದ ದುಡಿಮೆಯ ತಿಂಗಳುಗಳಲ್ಲಿ ಉತ್ಸವಗಳಿಗೆ ಬಿಡುವು. ಆದರೆ ಮನೆಯ ದೀಪಕ್ಕೆ ಬಿಡುವಿಲ್ಲ. ಉಳುಮೆ, ನಾಟಿಗಳು ದೇವರಿಂದ ಕದ್ದ ಸಮಯವಲ್ಲವೆಂಬ ತಿಳಿವಳಿಕೆಯು ಈ ಏರ್ಪಾಟಿನಲ್ಲಿ ಅಡಗಿದೆ.

ಇನ್ನು ಹಲವು ಆರಾಧ್ಯರ ಪ್ರಶ್ನೆ. 12ನೆಯ ಶತಮಾನದ ಶರಣರು ಈ ವಿಷಯದಲ್ಲಿ ನಿಷ್ಠುರರು. ಪತಿವ್ರತೆಗೆ ಒಬ್ಬನೇ ಗಂಡನಿರುವಂತೆ ಭಕ್ತನಿಗೆ ಒಬ್ಬನೇ ದೇವನೆಂಬುದು ಅವರ ನಿಲುವು. ಆ ಅಳತೆಗೋಲಿನಿಂದ ತುಳುನಾಡಿನ ಮನೆ ಉತ್ತೀರ್ಣವಾಗದು. ಮಾಧ್ವಚಿಂತನೆಯ ತಾರತಮ್ಯವು ಬೇರೊಂದು ದಾರಿಯನ್ನು ತೋರಿಸುತ್ತದೆ: ಇತರ ದೇವತೆಗಳು ಪರದೈವದ ಪರಿವಾರ, ಅವರಿಗೆ ಸಲ್ಲಿಸಿದ ಗೌರವವು ಅವನಿಗೆ ಎದುರಾದುದಲ್ಲ. ಸ್ಥಳೀಯ ಆಚರಣೆಯಲ್ಲಿಯೂ ಇಂಥ ಶ್ರೇಣಿಯೊಂದು ಕಾಣುತ್ತದೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ವಾರ್ಷಿಕ ಜಾತ್ರೆ ಏಪ್ರಿಲ್ 10ರ ಧ್ವಜಾರೋಹಣದಿಂದ ಆರಂಭವಾಗುತ್ತದೆ. ಬ್ರಹ್ಮರಥೋತ್ಸವವು 17ರಂದು ನಡೆಯುತ್ತದೆ. ಅದರ ಹಿಂದಿನ ದಿನ ಬಲ್ನಾಡಿನಿಂದ ಉಳ್ಳಾಲ್ತಿ ಮತ್ತು ದಂಡನಾಯಕ ದೈವಗಳ ಕಿರುವಾಳು ದೇವಸ್ಥಾನಕ್ಕೆ ಬರುತ್ತದೆ. ದಾರಿಯುದ್ದಕ್ಕೂ ಜನರು ಮಲ್ಲಿಗೆಯನ್ನು ಅರ್ಪಿಸುತ್ತಾರೆ. ದೈವವು ತನ್ನ ನೆಲೆಯನ್ನು ಬಿಟ್ಟು ದೇವರ ಉತ್ಸವಕ್ಕೆ ಬರುವ ಈ ಭೇಟಿಯಲ್ಲಿ ಸಂಬಂಧವೇ ದೃಶ್ಯವಾಗಿದೆ. ಹಾಗೆಂದು ಎಲ್ಲ ದೈವಾರಾಧನೆಯನ್ನೂ ಒಂದು ಸಿದ್ಧಾಂತದ ಚೌಕಟ್ಟಿಗೆ ತುರುಕುವುದು ಸರಿಯಲ್ಲ. ಪಂಜುರ್ಲಿ, ಕಲ್ಲುರ್ಟಿ, ಗುಳಿಗ ಮೊದಲಾದ ದೈವಗಳ ಮುಂದೆ ನಿಲ್ಲುವವನ ಮನಸ್ಸಿನಲ್ಲಿ ನ್ಯಾಯದ ನಿರೀಕ್ಷೆ, ಭೂಮಿಯ ಋಣ, ಭಯ ಇವೆಲ್ಲ ಸೇರಿರುತ್ತವೆ. ಅಲ್ಲಿಯ ಅನನ್ಯತೆಯನ್ನು ನಿಷ್ಠೆಯೆಂಬ ಪದದಿಂದ ಗುರುತಿಸುವುದು ಹೆಚ್ಚು ಸೂಕ್ತ: ಈ ಮಣ್ಣಿನ ನಿಜವಾದ ಒಡೆಯ ತಾನಲ್ಲವೆಂಬ ಅರಿವು ತಪ್ಪದಿರುವುದು.

ಹರಕೆಯ ಸಮಸ್ಯೆ

ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವವರಲ್ಲಿ ಸಂತಾನ, ಆರೋಗ್ಯ, ಮದುವೆಗಳನ್ನು ಬೇಡಿ ಆಶ್ಲೇಷಾಬಲಿ, ಸರ್ಪಸಂಸ್ಕಾರಗಳನ್ನು ಮಾಡಿಸುವವರು ಬಹಳ. ಇವರ ಭಕ್ತಿಯನ್ನು ಕಾಮ್ಯವೆಂದು ಕೀಳಾಗಿ ಕಾಣುವುದು ಸುಲಭ. ಆದರೆ ಮಗುವಿನ ಜ್ವರ ಇಳಿಯಲೆಂದು ಹರಕೆ ಹೊತ್ತ ತಾಯಿಯನ್ನು ವ್ಯಾಪಾರಿಯೆಂದು ಕರೆಯಲು ಯಾರಿಗೂ ಬಾಯಿ ಬಾರದು. ತನ್ನ ಆಸೆಯನ್ನೂ ಭಯವನ್ನೂ ಮರೆಮಾಚದೆ ದೇವರ ಮುಂದೆ ತಂದಿಡುವುದು ಸಂಬಂಧದ ಮೊದಲ ಮೆಟ್ಟಿಲು. ಗೀತೆಯೂ ಆರ್ತನನ್ನು ಭಕ್ತರ ಸಾಲಿನಲ್ಲಿಯೇ ನಿಲ್ಲಿಸಿದೆ.

ಹರಕೆ ಈಡೇರದಿದ್ದಾಗಲೇ ಅದರ ಪರೀಕ್ಷೆ. ಕೇಳಿದ್ದು ಸಿಗದ ಮರುದಿನ ಸಂಜೆ ಮನೆಯ ದೀಪ ಉರಿಯಿತೆ? ಉರಿಯಿತೆಂದಾದರೆ ಆ ಭಕ್ತಿಯು ಬೇಡಿಕೆಗಿಂತ ಮಿಗಿಲಾಗಿತ್ತು, ಹರಕೆಯು ಅದರ ಭಾಷೆಯಷ್ಟೇ ಆಗಿತ್ತು. ಉರಿಯಲಿಲ್ಲವಾದರೆ ಪ್ರೀತಿಯ ಮೊದಲ ಸ್ಥಾನವು ಬೇಡಿದ ವಸ್ತುವಿಗೇ ಸಂದಿತ್ತು. ಜಯತೀರ್ಥರು ಹೇಳಿದ ಸಾವಿರ ಅಡ್ಡಿಗಳಲ್ಲಿ, ಸಲ್ಲದ ಹರಕೆಯನ್ನೂ ಒಂದಾಗಿ ಎಣಿಸಬಹುದು.

ಈ ಸೀಮೆಯ ಕೃಷಿಕರು ಇಂಥ ಪರೀಕ್ಷೆಯನ್ನು ತೋಟದಲ್ಲಿಯೇ ಎದುರಿಸಿದ್ದಾರೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಮೊದಲಾದ ಭಾಗಗಳಲ್ಲಿ ಅಡಕೆಯ ಹಳದಿ ಎಲೆ ರೋಗವು ದಶಕಗಳಿಂದ ತೋಟಗಳನ್ನು ಕ್ಷೀಣಿಸುತ್ತ ಬಂದಿದೆ. ಅದನ್ನು ಗುಣಪಡಿಸುವ ಮದ್ದು ಸಿಕ್ಕಿಲ್ಲ. ಅಡಕೆ ಸಸಿಯು ಫಸಲು ಕೊಡಲು ಹಲವು ವರ್ಷಗಳು ಬೇಕು. ಅಜ್ಜ ನೆಟ್ಟು, ತಂದೆ ಸಾಕಿ, ಮಗ ಕೊಯ್ಯುವ ತೋಟವೆಂದರೆ ಅದೊಂದು ಆಸ್ತಿ ಮಾತ್ರವಲ್ಲ, ಮನೆತನದ ನೆನಪು ಕೂಡ. ಅಂಥ ತೋಟವು ಕಣ್ಣೆದುರು ಹಳದಿಯಾಗುವುದನ್ನು ನೋಡುತ್ತ ಹಿಂದಿನಂತೆಯೇ ತಂಬಿಲ, ಅಗೆಲುಗಳನ್ನು ನಡೆಸಿಕೊಂಡು ಬರುವ ಮನೆಗಳ ಭಕ್ತಿಯನ್ನು ಲಾಭದ ಲೆಕ್ಕದಿಂದ ವಿವರಿಸಲಾಗದು.

ಸುಧನ್ವನ ಪ್ರಸಂಗ

ಈ ಪ್ರಶ್ನೆಯನ್ನು ಜನಸಾಮಾನ್ಯರು ಬಹಿರಂಗವಾಗಿ ಚರ್ಚಿಸಿದ ವೇದಿಕೆಯೆಂದರೆ ತಾಳಮದ್ದಳೆ. ಪದ್ಯಕ್ಕೆ ಆಶುವಾಗಿ ಅರ್ಥ ಹೇಳುವ ಈ ಕಲೆಯು ಪುತ್ತೂರು ಪರಿಸರದಲ್ಲಿ ಮಳೆಗಾಲದ ರಾತ್ರಿಗಳನ್ನು ತುಂಬಿದೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಯಕ್ಷಗಾನಕ್ಕೆ ಬಂದ ಸುಧನ್ವನ ಪ್ರಸಂಗ ಇಲ್ಲಿ ಬಲು ಜನಪ್ರಿಯ.

ಚಂಪಕಾಪುರಿಯ ಅರಸ ಹಂಸಧ್ವಜನು, ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಲಾಗುವುದೆಂದು ಸಾರಿಸಿದ್ದಾನೆ. ಅವನ ಮಗ ಸುಧನ್ವ ಕೃಷ್ಣಭಕ್ತ. ಅರ್ಜುನನೊಡನೆ ಹೋರಿ ಕೃಷ್ಣನನ್ನು ಕಾಣುವ ಆತುರದಲ್ಲಿ ಹೊರಟವನು. ಪತ್ನಿ ಪ್ರಭಾವತಿಯು ಸಂತಾನವನ್ನು ಬಯಸಿ ಅವನನ್ನು ತಡೆಯುತ್ತಾಳೆ. ಅವನು ಅವಳ ಮಾತನ್ನು ನಡೆಸುತ್ತಾನೆ, ತಡವಾಗುತ್ತದೆ, ತಂದೆಯ ಆಜ್ಞೆಯಂತೆ ಕೊಪ್ಪರಿಗೆಗೆ ಬೀಳುತ್ತಾನೆ. ಕೃಷ್ಣಸ್ಮರಣೆಯಲ್ಲಿದ್ದ ಅವನನ್ನು ಎಣ್ಣೆ ಸುಡುವುದಿಲ್ಲ.

ಈ ಕಥೆಯ ಎರಡು ಅಂಶಗಳು ನಮ್ಮ ವಿವೇಚನೆಗೆ ಮುಖ್ಯವಾದವು. ಪತ್ನಿಯ ಬಯಕೆಗೆ ಕಿವಿಗೊಟ್ಟದ್ದರಿಂದ ಸುಧನ್ವನ ಭಕ್ತಿಗೆ ಭಂಗ ಬರಲಿಲ್ಲ; ಕೃಷ್ಣನು ಅವನನ್ನು ಕೈಬಿಡಲಿಲ್ಲ. ಹಾಗೆಯೇ, ಭಕ್ತನೆಂಬ ಕಾರಣದಿಂದ ಅವನಿಗೆ ಶಿಕ್ಷೆಯಿಂದ ವಿನಾಯಿತಿಯೂ ಸಿಗಲಿಲ್ಲ. ಸಂಸಾರದ ಕರ್ತವ್ಯವನ್ನು ಪಾಲಿಸಿದವನು ಅದರ ಬೆಲೆಯನ್ನೂ ತೆರಬೇಕಾಗುತ್ತದೆ. ಬೆಲೆ ತೆರುವ ಹೊತ್ತಿನಲ್ಲಿ ಅವನ ನೆನಪು ಯಾರ ಕಡೆಗಿತ್ತು ಎಂಬುದೇ ನಿರ್ಣಾಯಕ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಬೆಳೆಸಿದ ವಾದಪರಂಪರೆಯಲ್ಲಿ ಪತ್ನಿ, ತಂದೆ, ಮಗ ಇವರೆಲ್ಲರಿಗೂ ತಮ್ಮ ಪಕ್ಷವನ್ನು ಮಂಡಿಸುವ ಅವಕಾಶವಿದೆ. ಪ್ರಭಾವತಿಯ ಪಾತ್ರಧಾರಿಯು ಗೃಹಸ್ಥಧರ್ಮದ ಪರವಾಗಿ ವಾದಿಸುವುದನ್ನು ಶ್ರೋತೃಗಳು ಕಿವಿಗೊಟ್ಟು ಕೇಳುವುದು ತಮ್ಮದೇ ಮನೆಯ ಪ್ರಶ್ನೆ ಅಲ್ಲಿ ಚರ್ಚೆಗೆ ಬಂದಿರುವುದರಿಂದಲೇ.

ಕ್ರಮ ತಲೆಕೆಳಗಾದಾಗ

ಆಚರಣೆಯು ತಾನೇ ಭಕ್ತಿಯನ್ನು ಕಾಪಾಡುವುದೆಂದು ನಂಬಲಾಗದು. ನೇಮದ ಕಳದಲ್ಲಿ ಬೂಳ್ಯವನ್ನು ಯಾರಿಗೆ ಮೊದಲು ಕೊಡಬೇಕೆಂಬ ವಿಷಯದಲ್ಲಿ ಮನೆತನಗಳ ನಡುವೆ ಮನಸ್ತಾಪವಾಗುವುದುಂಟು. ಒಡೆತನವನ್ನು ಬಿಟ್ಟುಕೊಡುವ ಸ್ಥಳದಲ್ಲಿಯೇ ಒಡೆತನದ ಹೋರಾಟ ನಡೆಯುವುದನ್ನು ಇಲ್ಲಿ ಕಾಣುತ್ತೇವೆ. ಪ್ರಶ್ನೆಚಿಂತನೆಯಲ್ಲಿ ಕಂಡುಬಂದ ದೋಷದ ಪರಿಹಾರಕ್ಕೆಂದು ಶಕ್ತಿಮೀರಿ ಸಾಲಮಾಡುವುದು, ನೆರೆಯ ಗ್ರಾಮಕ್ಕಿಂತ ಅದ್ದೂರಿಯಾಗಿ ಬ್ರಹ್ಮಕಲಶವಾಗಬೇಕೆಂಬ ಪೈಪೋಟಿ ಇವೂ ಅದೇ ಜಾತಿಯವು. ಬಿಡಬೇಕಾದ ಅಭಿಮಾನವು ಭಕ್ತಿಯ ವೇಷದಲ್ಲಿ ಮರಳಿ ಬಂದಾಗ ಅದನ್ನು ಗುರುತಿಸುವುದು ಕಷ್ಟ. ಹೊನ್ನು, ಹೆಣ್ಣು, ಮಣ್ಣುಗಳಿಗಿಂತ ಮನದ ಮುಂದಿನ ಆಸೆಯೇ ಮಾಯೆಯೆಂದು ಅಲ್ಲಮಪ್ರಭು ಮಾಡಿದ ವಿವೇಚನೆಗೆ ಇಂಥ ಸಂದರ್ಭಗಳಲ್ಲಿ ಹೊಸ ಬೆಲೆ ಬರುತ್ತದೆ. ಮನೆ ಬಿಟ್ಟವನಿಗೂ ಆ ಆಸೆ ಇರಬಹುದು. ಮನೆಯಲ್ಲಿದ್ದವನು ಅದನ್ನು ಮೀರಿರಲೂಬಹುದು.

ಈ ಪ್ರಶ್ನೆಯು ಒಂದು ಮತದ್ದಷ್ಟೇ ಅಲ್ಲವೆಂಬುದನ್ನೂ ಗಮನಿಸಬೇಕು. ಇಬ್ಬರು ಒಡೆಯರಿಗೆ ಏಕಕಾಲದಲ್ಲಿ ಸೇವೆ ಸಲ್ಲದೆಂಬ ಸುವಾರ್ತೆಯ ಬೋಧೆಯನ್ನು ಕಡಬ, ನೆಲ್ಯಾಡಿಗಳ ಕ್ರೈಸ್ತ ಕೃಷಿಕರೂ, ಸಂಪತ್ತು ಸಂತಾನಗಳನ್ನು ಪರೀಕ್ಷೆಯೆಂದು ಕಾಣುವ ಕುರ್‌ಆನಿನ ಬೋಧೆಯನ್ನು ಉಪ್ಪಿನಂಗಡಿ, ಪುತ್ತೂರುಗಳ ಮುಸ್ಲಿಮರೂ ತಮ್ಮ ತೋಟ, ಅಂಗಡಿಗಳ ನಡುವೆಯೇ ಪಾಲಿಸಬೇಕಾಗಿದೆ. ಸಿದ್ಧಾಂತಗಳು ಬೇರೆಯಾದರೂ ಬದುಕಿನ ಇಕ್ಕಟ್ಟು ಸಮಾನವಾದುದು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಅನನ್ಯಭಕ್ತಿಯೆಂದರೆ ಇತರ ಪ್ರೀತಿಗಳ ಅಭಾವವಲ್ಲ, ಅವುಗಳಲ್ಲಿ ಒಂದಕ್ಕೆ ಸಂದಿರುವ ಅಚಲವಾದ ಮೊದಲ ಸ್ಥಾನ. ಪುತ್ತೂರು, ಸುಳ್ಯ, ಕಡಬ ಸೀಮೆಯ ಮನೆಗಳು ಈ ಸ್ಥಾನವನ್ನು ಮುಡಿಪು, ಅಗೆಲು, ಪರ್ವಗಳೆಂಬ ಸರಳ ಕ್ರಮಗಳಿಂದ ಕಾಯ್ದುಕೊಂಡಿವೆ. ಆ ಕ್ರಮಗಳು ಪ್ರತಿಷ್ಠೆಯ ಸಾಧನವಾದಾಗ ಹೊರರೂಪ ಉಳಿದು ಒಳಗಿನ ಕ್ರಮ ತಲೆಕೆಳಗಾಗುತ್ತದೆ.

ದೇವಸ್ಥಾನಗಳ ಇತಿಹಾಸ, ದೈವಗಳ ಪಾಡ್ದನಗಳ ಸಂಗ್ರಹ ಈ ಪ್ರದೇಶದಲ್ಲಿ ಸಾಕಷ್ಟು ನಡೆದಿದೆ. ಹೋಲಿಸಿದರೆ ಮನೆಯೊಳಗಿನ ಆಚರಣೆಗಳ ದಾಖಲಾತಿಗೆ ಅಷ್ಟು ಗಮನ ಸಂದಿಲ್ಲ. ಕುಟುಂಬಗಳು ಒಡೆದು ಹಲವು ಊರುಗಳಲ್ಲಿ ನೆಲೆಸಿರುವ ಈ ಕಾಲದಲ್ಲಿ ಹರಿಸೇವೆಗೆ ವರ್ಷಕ್ಕೊಮ್ಮೆ ತರವಾಡು ಮನೆಗೆ ಬರುವವರೂ ಅದರ ಕ್ರಮವನ್ನು ಹಿರಿಯರಿಂದ ಕೇಳಿಯೇ ತಿಳಿಯಬೇಕಾಗಿದೆ. ಮುಡಿಪನ್ನು ಎಂದು ಕಟ್ಟುತ್ತಾರೆ, ಯಾರು ಕಟ್ಟುತ್ತಾರೆ, ಕಷ್ಟಕಾಲದಲ್ಲಿ ಅದನ್ನು ಮುಟ್ಟದೆ ಉಳಿಸಿದ ನೆನಪುಗಳೇನು ಎಂಬುದನ್ನು ಆ ಹಿರಿಯರು ಇರುವಾಗಲೇ ಬರೆದಿಡುವುದು ಮುಂದಿನ ಸಂಶೋಧಕರು ಕೈಗೆತ್ತಿಕೊಳ್ಳಬೇಕಾದ ಕೆಲಸ. ಶಾಸ್ತ್ರಗ್ರಂಥಗಳು ಹೇಳಿದ ಲಕ್ಷಣವು ಬದುಕಿನಲ್ಲಿ ಯಾವ ರೂಪವನ್ನು ತಾಳಿತೆಂಬುದಕ್ಕೆ ಅಂಥ ನೆನಪುಗಳೇ ಆಧಾರ.